ಕನ್ನಡ ಹೆಸರು ಕತ್ತರಿಸಲು ಯಾವ ಫಾಂಟಿಗೆ ಯಾವುದು ಜೋಡಿ: ನಾಲ್ಕು ಉಚಿತ ಫಾಂಟುಗಳ ವಿಮರ್ಶೆ

ಕಂಪ್ಯೂಟರಿನ ಚಿತ್ರ ನೋಡಿ ಸ್ಟಿಕರ್ ಹಾಳೆ (ವಿನೈಲ್), ಕಾರ್ಡ್ ಕತ್ತರಿಸುವ ಕಟಿಂಗ್ ಮಶೀನಿಗೆ ಫಾಂಟು ಕಣ್ಣಿಗೆ ಚೆಂದ ಕಂಡರೆ ಸಾಲದು, ಬ್ಲೇಡಿಗೂ ಒಗ್ಗಬೇಕು. ಹೊಸ ಫಾಂಟು ಇಳಿಸಿಕೊಂಡ ಕೂಡಲೇ ‘ತೀರ್ಥಹಳ್ಳಿ’ ಎಂದು ಟೈಪ್ ಮಾಡಿ ನೋಡಿ. ದೀರ್ಘ, ಅರ್ಕಾವತ್ತು, ಥದ ಹೊಟ್ಟೆಯೊಳಗಿನ ಚುಕ್ಕೆ, ಕೆಳಗೆ ಳಕಾರದ ಒತ್ತು ಹೀಗೆ ಕಾಟ ಕೊಡುವುದೆಲ್ಲ ಈ ಒಂದೇ ಊರಿನ ಹೆಸರಲ್ಲಿದೆ.

ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ಬಾಲೂ ತಮ್ಮ 2, ಅನೇಕ್ ಕನ್ನಡ, ಅಕಾಯ ಕನ್ನಡಕ, ಟಿರೊ ಕನ್ನಡ ಇವು ಇಲ್ಲಿನ ನಾಲ್ಕು. ಎಲ್ಲವೂ ಓಪನ್ ಫಾಂಟ್ ಲೈಸೆನ್ಸಿನವು. ಹಾಗಾಗಿ ಇವುಗಳಲ್ಲಿ ಮಾಡಿದ ಸ್ಟಿಕರ್, ಟೀ ಶರ್ಟ್, ಕೇಕ್ ಟಾಪರ್ (ಕೇಕಿನ ಮೇಲೆ ಚುಚ್ಚುವ ಹೆಸರು) ಮಾರಲು ಅಡ್ಡಿಯಿಲ್ಲ. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೆ.

ಮೊದಲ ಜೋಡಿ: ಹೆಸರಿಗೆ ಬಾಲೂ ತಮ್ಮದ ಎಕ್ಸ್‌ಟ್ರಾ ಬೋಲ್ಡ್, ಅದರ ಕೆಳಗಿನ ಚಿಕ್ಕ ಸಾಲಿಗೆ ಅನೇಕ್ ಮೀಡಿಯಂ. ಎರಡೂ ಏಕ್ ಟೈಪ್ ತಂಡದ ಕೆಲಸ. ಬಾಲೂವಿನ ತುದಿಗಳೆಲ್ಲ ದುಂಡಗಿವೆ, ಹಾಗಾಗಿ ವಿನೈಲಿನಲ್ಲಿ ಚೂಪು ಮೂಲೆ ಏಳುವ ತಾಪತ್ರಯ ಕಡಿಮೆ. ಒತ್ತಕ್ಷರಗಳೂ ದಪ್ಪ ಇರುವುದರಿಂದ ವೀಡಿಂಗ್ ಮಾಡುವಾಗ, ಅಂದರೆ ಬೇಡದ ವಿನೈಲನ್ನು ಕೊಕ್ಕೆಯಿಂದ ಎಬ್ಬಿಸಿ ತೆಗೆಯುವಾಗ, ಕೊಕ್ಕೆಗೆ ಸಿಕ್ಕಿ ಕಿತ್ತು ಬರುವುದಿಲ್ಲ. ಆದರೆ ಈ ದಪ್ಪವೇ ಚಿಕ್ಕ ಅಳತೆಯಲ್ಲಿ ಮುಳುವಾಗುತ್ತದೆ. ಅಕ್ಷರ 15 ಮಿ.ಮೀ.ಗಿಂತ ಇಳಿದರೆ ಧಕಾರದ ಕೆಳಗಿನ ಸೀಳು ಮುಚ್ಚಿಕೊಂಡು ದಕಾರದಂತೆ ಕಾಣುತ್ತದೆ. ‘ಧನ್ಯ’ ಎಂಬ ಹೆಸರು ‘ದನ್ಯ’ ಆಗಿಬಿಟ್ಟರೆ ಗಿರಾಕಿ ಸುಮ್ಮನಿರುತ್ತಾರೆಯೇ? ಅಲ್ಲಿಗೆ ಅನೇಕ್ ಬೇಕು. ಅದರಲ್ಲಿ ದಪ್ಪದ ಜೊತೆ ಅಗಲವನ್ನೂ ಹೊಂದಿಸಬಹುದು, ಉದ್ದದ ವಿಳಾಸ ಕೂಡ ಒಂದೇ ಸಾಲಿಗೆ ಹಿಡಿಸುತ್ತದೆ. ಹೆಸರು 40 ಮಿ.ಮೀ. ಇದ್ದರೆ ಕೆಳಸಾಲು 13ರಿಂದ 15 ಮಿ.ಮೀ. ಇರಲಿ. ಎರಡೂ ಸಾಲು ಹೆಚ್ಚುಕಡಿಮೆ ಒಂದೇ ಎತ್ತರವಾದರೆ ಜೋಡಿ ಹಾಕಿದ್ದೇ ವ್ಯರ್ಥ. ‘ಶಿವಮೊಗ್ಗ’ದ ಗಕಾರದ ಒತ್ತು ಕೆಳಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳ ಅಂತರವನ್ನೂ ಧಾರಾಳವಾಗಿ ಬಿಡಿ.

ಅಕಾಯ ಕನ್ನಡಕ ನಾಲ್ಕರಲ್ಲಿ ಅತಿ ಲವಲವಿಕೆಯದು. ಇರುವುದು ಒಂದೇ ದಪ್ಪ, ಕೈಬರಹದ ಏರಿಳಿತ. ಮಕ್ಕಳ ಹುಟ್ಟುಹಬ್ಬಕ್ಕೆ, ಮಗ್ಗಿನ ಮೇಲಿನ ಎರಡು ಪದಕ್ಕೆ ಹೇಳಿ ಮಾಡಿಸಿದಂತಿದೆ. ಇದರ ಜೊತೆಗೂ ಅನೇಕ್ ಸಾಕು. ಅಕಾಯ, ಬಾಲೂ ಎರಡನ್ನೂ ಒಂದೇ ಸ್ಟಿಕರಿನಲ್ಲಿ ಹಾಕಿದರೆ ಒಂದನ್ನೊಂದು ನುಂಗುತ್ತವೆ. ಟಿರೊ ಮುದ್ರಿತ ಪುಟಕ್ಕೆ ಬಲು ಸುಂದರ, ಬ್ಲೇಡಿಗೆ ಮಾತ್ರ ಸೂಕ್ಷ್ಮ. ವಿನೈಲಿನಲ್ಲಿ ಗೆರೆ 1 ಮಿ.ಮೀ., 220 ಜಿಎಸ್‌ಎಂ (ಚದರ ಮೀಟರಿಗೆ 220 ಗ್ರಾಂ ತೂಗುವ) ಕಾರ್ಡಿನಲ್ಲಿ 2 ಮಿ.ಮೀ.ಗಿಂತ ತೆಳುವಾದರೆ ಹರಿಯುತ್ತದೆ. ಟಿರೊವನ್ನು ದೊಡ್ಡ ಗೋಡೆಬರಹಕ್ಕೆ ಇಟ್ಟುಕೊಳ್ಳಿ.

ಮಶೀನಿನ ತಂತ್ರಾಂಶದಲ್ಲೇ ನೇರವಾಗಿ ಟೈಪ್ ಮಾಡಿದಾಗ ಒತ್ತುಗಳು ಬಿಡಿಬಿಡಿಯಾಗಿ ಬಂದರೆ ಅದು ಫಾಂಟಿನ ತಪ್ಪಲ್ಲ; ತಂತ್ರಾಂಶಕ್ಕೆ ಕನ್ನಡ ಕೂಡಿಸಲು ಬರುತ್ತಿಲ್ಲ. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು, ಅನ್‌ಗ್ರೂಪ್ ಮಾಡಿ, ಎಲ್ಲವನ್ನೂ ಆರಿಸಿ ‘ಯೂನಿಯನ್’ ಒತ್ತಿ, ಎಸ್‌ವಿಜಿ (ಗೆರೆಗಳ ರೂಪದ ಚಿತ್ರ) ಫೈಲಾಗಿ ಉಳಿಸಿ, ಅದನ್ನು ಮಶೀನಿನ ತಂತ್ರಾಂಶದಲ್ಲಿ ತೆರೆಯಿರಿ. ಯೂನಿಯನ್ ಬಿಟ್ಟರೆ ಕೆಲಸ ಕೆಟ್ಟಂತೆ: ದಪ್ಪ, ಅಗಲ ಬದಲಿಸಬಹುದಾದ ವೇರಿಯಬಲ್ ಫಾಂಟುಗಳಲ್ಲಿ ಅಕ್ಷರದ ಭಾಗಗಳು ಒಂದರ ಮೇಲೊಂದು ಹಾದಿರುವುದುಂಟು, ಬ್ಲೇಡು ಅಕ್ಷರದ ನಡುವೆಯೇ ಗೀರಿಬಿಡುತ್ತದೆ. ಹಳೆಯ ನುಡಿ ಫಾಂಟುಗಳಲ್ಲಿ ಗುಣಿತ, ಒತ್ತು ಬೇರೆ ಬೇರೆ ತುಂಡುಗಳಾಗಿ ಕೂಡುವುದರಿಂದ ಅಲ್ಲೂ ಇದೇ ಮದ್ದು.

ಕೇಕ್ ಟಾಪರಿನಲ್ಲಿ ಒತ್ತು, ಸೊನ್ನೆ ಉದುರಿಹೋಗದಿರಲು ಹೆಸರಿನ ಸುತ್ತ 3–4 ಮಿ.ಮೀ. ಆಫ್‌ಸೆಟ್ (ಹೊರಗೆ ಹಬ್ಬಿದ ಅಂಚು) ಕೊಟ್ಟು, ಆ ಆಕಾರವನ್ನು ಬೇರೆ ಬಣ್ಣದ ಕಾರ್ಡಿನಲ್ಲಿ ಕತ್ತರಿಸಿ ಹಿಂದೆ ಅಂಟಿಸಿ. ಆಗಲೂ ಯಾವುದಾದರೂ ತುಂಡು ಬಿಡಿಯಾಗಿ ಉಳಿದರೆ ಆಫ್‌ಸೆಟ್ಟನ್ನು ಅರ್ಧ ಮಿ.ಮೀ. ಏರಿಸಿ. ಟೀ ಶರ್ಟಿಗೆ ಇಸ್ತ್ರಿಯ ಬಿಸಿಯಲ್ಲಿ ಅಂಟಿಸುವ ಹೀಟ್ ಟ್ರಾನ್ಸ್‌ಫರ್ ವಿನೈಲಿಗೆ ಮಿರರ್ (ಕನ್ನಡಿಯಲ್ಲಿ ಕಂಡಂತೆ ತಿರುಗಿಸುವುದು) ಮಾಡುವುದು ಮರೆಯಬೇಡಿ.

ಮಲೆನಾಡಿನ ಮಳೆಗಾಲ ಫಾಂಟಿನ ಆಯ್ಕೆಯನ್ನೂ ಬದಲಿಸುತ್ತದೆ. ಜೂನ್ ಬಂತೆಂದರೆ ಕಾರ್ಡ್ ತೇವ ಹೀರಿ ಮೆತ್ತಗಾಗುತ್ತದೆ, ಬ್ಲೇಡು ಕತ್ತರಿಸುವ ಬದಲು ನಾರನ್ನು ಎಳೆಯುತ್ತದೆ, ಅಂಚು ಜುಂಗುಜುಂಗಾಗುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಕಾರ್ಡ್ ಇಡಿ. ಆ ಮೂರು ನಾಲ್ಕು ತಿಂಗಳು ಕಾಗದಕ್ಕೆ ಬಾಲೂ ಬಿಟ್ಟು ಬೇರೆಯದಕ್ಕೆ ಕೈ ಹಾಕದಿರುವುದು ಲೇಸು.

ಅಲಂಕಾರಕ್ಕೆಂದು ಅಡಿಕೆ ಹಾಳೆ ತಟ್ಟೆಯ ಮೇಲೆ ಹೆಸರು ಬೇಕೆನ್ನುವವರು ಹೆಚ್ಚುತ್ತಿದ್ದಾರೆ. ಹಾಳೆಯ ಗೀರುಗಳ ಮೇಲೆ ವಿನೈಲ್ ಸರಿಯಾಗಿ ಕೂರುವುದಿಲ್ಲ. ವಿನೈಲನ್ನು ಕೊರೆಯಚ್ಚಿನಂತೆ ಅಂಟಿಸಿ, ಒಣ ಸ್ಪಂಜಿನಲ್ಲಿ ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ತಟ್ಟಿ. ಬಣ್ಣ ನೀರಾಗಿದ್ದರೆ ಗೀರಿನೊಳಗೆ ಹರಿದು ಅಕ್ಷರ ಕಲಸಿಹೋಗುತ್ತದೆ. ಇಲ್ಲೂ ಬಾಲೂವೇ, 30 ಮಿ.ಮೀ.ಗಿಂತ ಕಡಿಮೆ ಬೇಡ. ಸುತ್ತ ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರದ ನೇರಗೆರೆಯ ಅಂಚು ಕೊಟ್ಟರೆ ದುಂಡು ಅಕ್ಷರ ಇನ್ನಷ್ಟು ಎದ್ದು ಕಾಣುತ್ತದೆ, ಎರಡನೆಯ ಫಾಂಟೇ ಬೇಕಾಗುವುದಿಲ್ಲ.