ಹಾಸ್ಯಚಿತ್ರದ ಟ್ರೇಲರ್‌ಗೆ ಸರಸ್ವತಿಪುರಂನ ಎಡಿಟಿಂಗ್ ಕೊಠಡಿ: ಕತ್ತರಿ ಕೆಲಸಕ್ಕೆ ಹೋಗಿ, ಪ್ರಚಾರಕ್ಕೆ ಬೇಡ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯೊಂದರ ಮೊದಲ ಮಹಡಿಯನ್ನು ಎಡಿಟಿಂಗ್ ಮತ್ತು ಡಬ್ಬಿಂಗ್ ಕೊಠಡಿ ಮಾಡಿಕೊಂಡಿರುವ ಸಣ್ಣ ಸ್ಟುಡಿಯೊದಲ್ಲಿ ನಮ್ಮ ಕಾಲೇಜಿನ ಹಾಸ್ಯಚಿತ್ರದ ಟ್ರೇಲರ್ ತಯಾರಾಯಿತು. ಅಲ್ಲಿ ಕೊಟ್ಟ ಹಣದಲ್ಲಿ ಒಂದು ಪಾಲು ಸಾರ್ಥಕವಾಯಿತು, ಇನ್ನೊಂದು ಪಾಲು ನೀರಿನಲ್ಲಿ ಹೋಮ ಮಾಡಿದಂತಾಯಿತು. ಆದ್ದರಿಂದ ಸ್ಟುಡಿಯೊದ ಹೆಸರು ಬರೆಯದೆ, ನಡೆದದ್ದನ್ನು ನಡೆದ ಹಾಗೆಯೇ ತಿಳಿಸುತ್ತೇನೆ. ಇಂಥ ಕೊಠಡಿಗಳನ್ನು ಹುಡುಕಿಕೊಂಡು ಹೋಗುವ ವಿದ್ಯಾರ್ಥಿಗಳಿಗೆ ಇದು ನೆರವಾದೀತು.

ಮಂಡ್ಯಕ್ಕೆ ಹೋಗುವ ಕೊನೆಯ ಬಸ್ಸನ್ನು ತಪ್ಪಿಸಿಕೊಂಡ ಮೂವರು ಹಾಸ್ಟೆಲ್ ಹುಡುಗರು ಶ್ರೀರಂಗಪಟ್ಟಣದಾಚೆಯ ಒಂದು ಹಳ್ಳಿಯ ತಂಗುದಾಣದಲ್ಲಿ ರಾತ್ರಿ ಕಳೆಯುವುದು ನಮ್ಮ 22 ನಿಮಿಷದ ಚಿತ್ರದ ಕಥೆ. ನಾವೇ ಲ್ಯಾಪ್‌ಟಾಪಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಟ್ರೇಲರ್ 2 ನಿಮಿಷ 50 ಸೆಕೆಂಡು ಇತ್ತು, ಚಿತ್ರದ ಒಳ್ಳೆಯ ಮಾತುಗಳೆಲ್ಲವೂ ಅದರಲ್ಲಿದ್ದವು. ಎಡಿಟರ್ ಅದನ್ನು ಎರಡು ಸಲ ಮಾತಿಲ್ಲದೆ ನೋಡಿ, “ನಗೋದೆಲ್ಲ ಇಲ್ಲೇ ಕೊಟ್ಟುಬಿಟ್ರೆ ಸಿನಿಮಾಕ್ಕೆ ಅಂತ ಏನಪ್ಪ ಉಳಿಸ್ಕೊಂಡಿದ್ದೀರಿ?” ಎಂದು ಕೇಳಿದರು. ಎರಡು ದಿನ ಕಳೆದ ಮೇಲೆ ಅದು 1 ನಿಮಿಷ 40 ಸೆಕೆಂಡಿಗೆ ಇಳಿದಿತ್ತು.

ಅವರ ಕೆಲಸ ಎಂಥದ್ದೆಂದು ತಿಳಿಯಲು ಒಂದೇ ದೃಶ್ಯವನ್ನು ಹೇಳಿದರೆ ಸಾಕು. ತಂಗುದಾಣದಲ್ಲಿ ಕುಳಿತ ಮುದುಕರನ್ನು ಹುಡುಗ “ಯಜಮಾನ್ರೇ, ಮಂಡ್ಯದ ಬಸ್ಸು ಬತ್ತದಾ?” ಎಂದು ಕೇಳುತ್ತಾನೆ. ಅವರು ಎಲೆಯಡಿಕೆ ಜಗಿಯುತ್ತಲೇ, “ಬತ್ತದೆ, ಕೂತ್ಕಳಿ. ನಿನ್ನೆದೇ ಇನ್ನೂ ಬಂದಿಲ್ಲ” ಎನ್ನುತ್ತಾರೆ. ನಾವು ಮಾಡಿದ್ದ ಜೋಡಣೆಯಲ್ಲಿ ಈ ಮಾತು ಮುಗಿಯುವ ಮೊದಲೇ ಸಂಗೀತ ನುಗ್ಗುತ್ತಿತ್ತು, ಕೂಡಲೇ ಮೂವರು ಹುಡುಗರೂ ಗೊಳ್ಳೆಂದು ನಗುತ್ತಿದ್ದರು. ಎಡಿಟರ್ ಸಂಗೀತವನ್ನು ಪ್ರಶ್ನೆಗೂ ಮುಂಚೆಯೇ ನಿಲ್ಲಿಸಿದರು. ಉತ್ತರ ಬಂದ ಮೇಲೆ ಮುದುಕರ ಮುಖವನ್ನು ಇನ್ನೂ 18 ಫ್ರೇಮ್ ಹಿಡಿದಿಟ್ಟರು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದು ಮುಕ್ಕಾಲು ಸೆಕೆಂಡು ಮಾತ್ರ, ಆದರೆ ನೋಡುವವರಿಗೆ ಮಾತು ಒಳಗಿಳಿದು ನಗು ಹೊರಬರಲು ಬೇಕಾಗುವ ಹೊತ್ತು ಅಷ್ಟೇ. ಹುಡುಗರು ನಗುವ ಶಾಟನ್ನು ತೆಗೆದುಹಾಕಿ, ಅವರಲ್ಲೊಬ್ಬ ಬಾಯಿಮುಚ್ಚಿಕೊಂಡು ಬೆಂಚಿನ ಮೇಲೆ ಕೂರುವ ಶಾಟನ್ನು ಅಲ್ಲಿಟ್ಟರು. ಕಾಲೇಜಿನಲ್ಲಿ ಟ್ರೇಲರ್ ತೋರಿಸಿದಾಗ ಸಭಾಂಗಣವಿಡೀ ನಕ್ಕಿದ್ದು ಆ ಹುಡುಗ ಕೂತ ಕ್ಷಣದಲ್ಲಿ. ಆವತ್ತಿನವರೆಗೆ ನಾವು ನಗುವನ್ನು ನಟರ ಬಾಯಲ್ಲಿ ಹುಡುಕುತ್ತಿದ್ದೆವು.

ಧ್ವನಿಯ ವಿಷಯದಲ್ಲಿಯೂ ಅವರ ಶ್ರದ್ಧೆ ದೊಡ್ಡದು. ಮೈಸೂರು–ಬೆಂಗಳೂರು ಹೆದ್ದಾರಿಯ ಲಾರಿಗಳ ಸದ್ದು ನಮ್ಮ ಮೂಲ ಧ್ವನಿಯಲ್ಲಿ ಸೇರಿಕೊಂಡಿದ್ದರಿಂದ ನಾಲ್ಕು ಮಾತುಗಳನ್ನು ಡಬ್ ಮಾಡಬೇಕಾಯಿತು. ಮಂಡ್ಯದ ಮಾತಿನ ಎಳೆತ ಮೈಕಿನ ಮುಂದೆ ನಿಂತಾಗ ಪುಸ್ತಕದ ಕನ್ನಡವಾಗಿಬಿಡುತ್ತದೆಂದು, ಮುದುಕರ ಪಾತ್ರ ಮಾಡಿದವರನ್ನು ಕೂರಿಸಿ ಊರಿನ ಸುದ್ದಿ ಮಾತನಾಡಿಸುತ್ತಲೇ ರೆಕಾರ್ಡ್ ಮಾಡಿಕೊಂಡರು. ಯೂಟ್ಯೂಬು, ಧ್ವನಿಯ ಜೋರನ್ನು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾಗಿರುವ ಧ್ವನಿಯನ್ನು ತಾನಾಗಿ ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಮಾತ್ರ ಏರಿಸುವುದಿಲ್ಲ. ಆದ್ದರಿಂದ ಸಂಗೀತದ ಅಬ್ಬರವನ್ನು ಕಡಿಮೆ ಮಾಡಿ, ಮಾತು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿಯೂ ಸ್ಪಷ್ಟವಾಗಿ ಕೇಳುವಂತೆ ಹದ ಮಾಡಿಕೊಟ್ಟರು. ನಾವು ಬಳಸಬೇಕೆಂದಿದ್ದ ಹಳೆಯ ಚಿತ್ರಗೀತೆಯ ತುಣುಕಿಗೆ ಅವರು ಒಪ್ಪಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ 60 ವರ್ಷದವರೆಗೆ ಇರುತ್ತದೆ, ಸಾಹಿತ್ಯ ಮತ್ತು ಸಂಗೀತದ ಹಕ್ಕಿನ ಲೆಕ್ಕವೇ ಬೇರೆ ಎಂದು ಬಿಡಿಸಿ ಹೇಳಿ, ನಮ್ಮ ತಂಡದವನೇ ಬಾರಿಸಿದ ತಮಟೆಯನ್ನು ಅಲ್ಲಿ ಕೂರಿಸಿದರು. ಅದೇ ಚೆನ್ನಾಗಿತ್ತು.

ಒಂದು ತಪ್ಪನ್ನು ಹೇಳಲೇಬೇಕು. ಕನ್ನಡದ ಅಕ್ಷರ ಕೂರಿಸುವ ಕೆಲಸವನ್ನು ಅಲ್ಲಿ ಬೇರೆಯವರು ಮಾಡುತ್ತಾರೆ. ಮೊದಲ ಪ್ರತಿಯಲ್ಲಿ ‘ವಿದ್ಯಾರ್ಥಿ’ ಎಂಬ ಪದ ‘ವಿದ್‌ಯಾರ್‌ಥಿ’ ಎಂದು ಒತ್ತಕ್ಷರಗಳೆಲ್ಲ ಕಳಚಿಕೊಂಡು ಬಂದಿತ್ತು. ಸಾಫ್ಟ್‌ವೇರಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಹಾಕಿಕೊಳ್ಳದಿದ್ದರೆ ಹೀಗಾಗುತ್ತದೆ. ಸರಿಪಡಿಸಿದರು, ಆದರೆ ನಾವು ತೋರಿಸಿದ ಮೇಲೆ. ಕನ್ನಡ ಚಿತ್ರದ ಮೊದಲ ಕಾರ್ಡಿನಲ್ಲಿ (ತೆರೆಯ ಮೇಲೆ ಅಕ್ಷರಗಳಷ್ಟೇ ಬರುವ ಚೌಕಟ್ಟಿನಲ್ಲಿ) ಕನ್ನಡವೇ ಮುರಿದು ಬರುವುದನ್ನು ಕಂಡು ಮನಸ್ಸಿಗೆ ನಿಜವಾಗಿಯೂ ನೋವಾಯಿತು.

ಮೊಬೈಲಿಗಾಗಿ ಮಾಡಿದ ಲಂಬ ಚೌಕಟ್ಟಿನ ಪ್ರತಿಯನ್ನು ಮಾತ್ರ ಹೊಗಳಬೇಕು. ಅಡ್ಡ ಚೌಕಟ್ಟಿನ ನಡುಭಾಗವನ್ನು ಕತ್ತರಿಸಿ ಕೊಡದೆ, ಒಂದೊಂದೇ ಶಾಟನ್ನು 1080×1920ರ ಅಳತೆಗೆ ಹೊಂದಿಸಿದ್ದರಿಂದ, ಬೆಂಚಿನ ಎರಡು ತುದಿಗಳಲ್ಲಿ ಕುಳಿತ ಮುದುಕ ಮತ್ತು ಹುಡುಗ ಇಬ್ಬರೂ ಉಳಿದುಕೊಂಡರು.

ಇನ್ನು ಪ್ರಚಾರ. ಎಡಿಟಿಂಗಿಗೆ ಕೊಟ್ಟ 6,500 ರೂಪಾಯಿಯ ಜೊತೆಗೆ, ಅದೇ ಸ್ಟುಡಿಯೊದ ಮ್ಯಾನೇಜರ್ ಹೇಳಿದ ಪ್ರಚಾರದ ಪ್ಯಾಕೇಜಿಗೆ 4,000 ರೂಪಾಯಿ ಕೊಟ್ಟೆವು. ಎರಡು ದಿನದಲ್ಲಿ ವೀಕ್ಷಣೆ ಹನ್ನೊಂದು ಸಾವಿರ ದಾಟಿತು. ಆದರೆ ವೀಕ್ಷಣೆಯ ಲೆಕ್ಕ ತೋರಿಸುವ ‘ಯೂಟ್ಯೂಬ್ ಸ್ಟುಡಿಯೊ’ ಪುಟದ ಗ್ರಾಫಿನಲ್ಲಿ ನೋಡಿದರೆ ಹೆಚ್ಚಿನವರು ಐದಾರು ಸೆಕೆಂಡಿಗೇ ಹೊರಟುಹೋಗಿದ್ದರು, ಮುದುಕರ ಮಾತಿನವರೆಗೆ ಬಂದವರೇ ವಿರಳ. ಹಣ ಕೊಟ್ಟು ಕೃತಕವಾಗಿ ವೀಕ್ಷಣೆ ಏರಿಸಿಕೊಳ್ಳುವುದು ಯೂಟ್ಯೂಬಿನ ನಿಯಮಕ್ಕೆ ವಿರುದ್ಧವೆಂದು ಆಮೇಲೆ ತಿಳಿದಾಗ ಗಾಬರಿಯಾಯಿತು. ಚಿತ್ರಮಂದಿರವೊಂದರಲ್ಲಿ ಮಧ್ಯಂತರದ ಹೊತ್ತಿಗೆ ಟ್ರೇಲರ್ ಹಾಕಿಸುತ್ತೇನೆಂದೂ ಮ್ಯಾನೇಜರ್ ಹೇಳಿದ್ದರು. ಅದಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕಾಗುತ್ತದೆ ಎಂದು ತಿಳಿಸಿ ನಮ್ಮನ್ನು ತಡೆದವರೂ ಆ ಎಡಿಟರೇ.

ಕೊನೆಗೆ ಜನರನ್ನು ಕರೆತಂದದ್ದು ಬಸ್ಸಿನ ಆ ಒಂದು ಮಾತಿನ 20 ಸೆಕೆಂಡಿನ ತುಣುಕು. ಅದನ್ನು ಹಾಸ್ಟೆಲುಗಳ, ಊರುಗಳ ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆವು, ಮಾನಸಗಂಗೋತ್ರಿಯ ಗೆಳೆಯರು ತಮ್ಮ ತಮ್ಮ ವಿಭಾಗಗಳಲ್ಲಿ ಹಂಚಿದರು. ಪ್ರದರ್ಶನದ ದಿನ ಪಾಂಡವಪುರದಿಂದ ಬಂದಿದ್ದ ಒಬ್ಬರು ಬಾಗಿಲಲ್ಲೇ “ನಿನ್ನೆ ಬಸ್ಸು ಬಂತಾ?” ಎಂದು ಕೇಳಿದರು.

ಅಲ್ಲಿಗೆ ಹೋಗುವವರು ಎಡಿಟರ್ ತಾವೇ ಕೂರುವ ದಿನ ಕೇಳಿಕೊಂಡು ಹೋಗಿ, ಟ್ರೇಲರಿನ ಕೆಲಸವನ್ನಷ್ಟೇ ಒಪ್ಪಿಸಿ. ಮುಂಗಡ ಕೊಡುವ ಮೊದಲೇ, ಮುಂದೆ ತಿದ್ದಲು ಬೇಕಾಗುವ ಎಡಿಟಿಂಗಿನ ಪ್ರಾಜೆಕ್ಟ್ ಫೈಲ್ ನಿಮ್ಮ ಹಾರ್ಡ್ ಡಿಸ್ಕಿಗೆ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ನಾವು ಕೇಳಿರಲಿಲ್ಲ. ಪ್ರದರ್ಶನದ ದಿನಾಂಕ ಬದಲಾದಾಗ ಒಂದೇ ಕಾರ್ಡು ತಿದ್ದಿಸಲು ಮತ್ತೆ 500 ರೂಪಾಯಿ ತೆರಬೇಕಾಯಿತು.