ಎಸ್ಟೀಮ್‌ಗೆ ಮೂರು ಇಸಿಯು: ಬಳಸಿ ನೋಡಿದ ಹೋಲಿಕೆ

ನನ್ನ 1298 ಸಿಸಿಯ ಮಾರುತಿ ಎಸ್ಟೀಮ್‌ಗೆ ಹೆಚ್ಚು ಲಿಫ್ಟ್ ಇರುವ, ಅಂದರೆ ವಾಲ್ವುಗಳನ್ನು ಹೆಚ್ಚು ತೆರೆಯುವ ಕ್ಯಾಮ್‌ಶಾಫ್ಟ್ ಹಾಕಿಸಿದ ದಿನದಿಂದಲೇ, ಪೆಟ್ರೋಲ್ ಮತ್ತು ಕಿಡಿಯನ್ನು ನಿಯಂತ್ರಿಸುವ ಕಂಪ್ಯೂಟರಾದ ಮೂಲ ಇಸಿಯುವಿನ ಲೆಕ್ಕ ತಪ್ಪಿತು. ಅದು ಎಂಜಿನ್ನಿನ ಮೇಲಿನ ಭಾರವನ್ನು ಇನ್‌ಟೇಕ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನಿಂದ ತಿಳಿಯುತ್ತದೆ. ಐಡಲ್‌ನಲ್ಲಿ 35 ಕಿಲೋಪಾಸ್ಕಲ್ ಆಸುಪಾಸು ನಿಲ್ಲುತ್ತಿದ್ದ ಒತ್ತಡ 55ರಿಂದ 60ರ ನಡುವೆ ಹೊಯ್ದಾಡತೊಡಗಿದಾಗ, ಕಾರು ಘಟ್ಟ ಹತ್ತುತ್ತಿದೆಯೆಂದು ಭಾವಿಸಿ ನಿಂತಲ್ಲೇ ಪೆಟ್ರೋಲ್ ಸುರಿಯುತ್ತಿತ್ತು. (ಈ ಕಾರು ಆಟೋಕ್ರಾಸ್ ಸ್ಪರ್ಧೆಯ ಮೈದಾನಕ್ಕೆ ಟ್ರೇಲರ್‌ನಲ್ಲಿ ಹೋಗಿ ಬರುತ್ತದೆ, ರಸ್ತೆಗಿಳಿಯುವ ಕಾರಾದರೆ ವಾಹನದ ಮಾರ್ಪಾಡುಗಳ ಕುರಿತಾದ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಮೊದಲು ಓದಿಕೊಳ್ಳುವುದು ಒಳ್ಳೆಯದು.)

ಮೊದಲು ಕೂರಿಸಿದ್ದು ಪಿಗ್ಗಿಬ್ಯಾಕ್. ಇದು ಮ್ಯಾಪ್ ಸಂಕೇತವನ್ನು ತಿದ್ದಿ ಮೂಲ ಇಸಿಯುವಿಗೆ ಸುಳ್ಳು ಹೇಳುವ ಪೆಟ್ಟಿಗೆ. ಪೆಟ್ರೋಲ್ ತಗ್ಗಿಸಲೆಂದು ಒತ್ತಡವನ್ನು ಕಡಿಮೆ ತೋರಿಸಿದರೆ, ಭಾರವೂ ಕಡಿಮೆಯಾಯಿತೆಂದು ನಂಬಿದ ಇಸಿಯು ಇಗ್ನಿಷನ್ ಟೈಮಿಂಗನ್ನು ಮುಂದಕ್ಕೆ ತಳ್ಳುತ್ತದೆ, ಅಂದರೆ ಕಿಡಿಯನ್ನು ಇನ್ನಷ್ಟು ಬೇಗ ಹಾರಿಸುತ್ತದೆ. ಕಂಪ್ರೆಷನ್ ಏರಿಸಿದ ಎಂಜಿನ್ನಿನಲ್ಲಿ ಅದು ನಾಕಿಂಗ್‌ಗೆ, ಅಂದರೆ ಇಂಧನ ಹತೋಟಿ ಮೀರಿ ಸಿಡಿದು ಎಂಜಿನ್ನಿಗೆ ಹಾನಿ ಮಾಡುವುದಕ್ಕೆ, ನೇರ ದಾರಿ. ಎರಡು ವಾರಕ್ಕೆ ಬಿಚ್ಚಿಟ್ಟೆ.

ಎರಡನೆಯದು ಸ್ಪೀಡುಯಿನೊ. ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಓಡುವ ಈ ಮುಕ್ತ ಆಕರದ (ಓಪನ್ ಸೋರ್ಸ್) ಇಸಿಯುವಿನಲ್ಲಿ, ಯಾವ ವೇಗ ಮತ್ತು ಭಾರಕ್ಕೆ ಎಷ್ಟು ಪೆಟ್ರೋಲ್ ಎಂದು ಹೇಳುವ 16×16 ಮನೆಗಳ ಇಂಧನ ಪಟ್ಟಿ ಸಂಪೂರ್ಣ ನಮ್ಮ ಕೈಯಲ್ಲಿರುತ್ತದೆ. ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ (36ರಲ್ಲಿ ಒಂದು ಹಲ್ಲು ಬಿಟ್ಟ) ಚಕ್ರ ಕೂರಿಸಿ, ಆ ಹಲ್ಲುಗಳನ್ನು ಓದುವ ಸೆನ್ಸರಿನ ಅಂತರವನ್ನು ಒಂದು ಮಿಲಿಮೀಟರ್‌ಗೆ ಹೊಂದಿಸಿ ಚಾಲೂ ಮಾಡಿದಾಗ ಎಂಜಿನ್ ಚೆನ್ನಾಗಿಯೇ ಹತ್ತಿತು. ಆದರೆ ಟೈಮಿಂಗ್ ಲೈಟ್ ಹಿಡಿದರೆ 1000 ಆರ್‌ಪಿಎಂನಲ್ಲಿ ಗುರುತಿನ ಮೇಲೆ ನಿಂತ ಟೈಮಿಂಗ್, 4000 ತಲುಪುವಷ್ಟರಲ್ಲಿ ಸರಿದುಹೋಗುತ್ತಿತ್ತು. ಮೂರು ರವಿವಾರ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು, ಸೆನ್ಸರಿನ ಎರಡು ತಂತಿಗಳನ್ನು ನಾನೇ ಅದಲುಬದಲು ಬೆಸುಗೆ ಹಾಕಿದ್ದೆ ಎಂಬುದು.

ಗೆಳೆಯನಿಂದ ಒಂದು ತಿಂಗಳಿಗೆ ಎರವಲು ಪಡೆದ ನ್ಯೂಜಿಲೆಂಡಿನ ಲಿಂಕ್ ಇಸಿಯುವಿನ ಬೆಲೆ ಎಲ್ಲಿಗೆ ಹೋಗುತ್ತದೆಂಬುದು ಆಗ ಅರ್ಥವಾಯಿತು. ಅದರ ಪಿಸಿಲಿಂಕ್ ತಂತ್ರಾಂಶದಲ್ಲಿ ಟ್ರಿಗರ್ ಸ್ಕೋಪ್ ಇದೆ. ಸೆನ್ಸರಿನ ಅಲೆಯೇ ಪರದೆಯ ಮೇಲೆ ಮೂಡುವುದರಿಂದ ನನ್ನಂಥವನ ತಪ್ಪು ಒಂದೇ ನಿಮಿಷದಲ್ಲಿ ಕಣ್ಣಿಗೆ ಬೀಳುತ್ತಿತ್ತು. ತಣ್ಣನೆಯ ಬೆಳಗಿನ ಸ್ಟಾರ್ಟಿಂಗ್ ಎರಡು ಪ್ರಯತ್ನಕ್ಕೆ ಕುದುರಿತು. ಸ್ಪೀಡುಯಿನೊದಲ್ಲಿ ಅದಕ್ಕೆ ಎಂಟು ದಿನ ಮುಂಜಾನೆ ಎದ್ದಿದ್ದೆ.

ಪಿಕಪ್ಪಿನಲ್ಲಿ ಮಾತ್ರ ಇವೆರಡರ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ: ಅದೇ ಇಂಧನ, ಅದೇ ಟೈಮಿಂಗ್ ಸಿಕ್ಕರೆ ಎಂಜಿನ್ ಅದೇ ಶಕ್ತಿ ಕೊಡುತ್ತದೆ. ಎಂಜಿನ್ನಿನ ಶಕ್ತಿ ಅಳೆಯುವ ಡೈನೊವನ್ನು ಬಾಡಿಗೆಗೆ ಹಿಡಿದು, ಗಂಟೆಯ ಲೆಕ್ಕದಲ್ಲಿ ಟ್ಯೂನರ್‌ಗೆ ಹಣ ತೆರುವವರು, ಅಥವಾ ಸ್ಪರ್ಧೆಯ ದಿನ ಕಾರು ಕೈಕೊಟ್ಟರೆ ಸಹಿಸಲಾಗದವರು ಲಿಂಕ್‌ಗೇ ಹೋಗಲಿ. ಟರ್ಬೊ ಹಾಕುವವರಿಗೂ ಇದೇ ಮಾತು, ಆದರೆ ನಾಕ್ ನಿಯಂತ್ರಣವಿರುವ ಮಾದರಿಯನ್ನೇ ಆರಿಸಬೇಕು. ನನಗೆ ರವಿವಾರಗಳಿವೆ, ಹಣ ಅಷ್ಟಿಲ್ಲ. ಆದ್ದರಿಂದ ಲಿಂಕ್ ಗೆಳೆಯನ ಮನೆಗೆ ಮರಳಿತು, ಉಳಿದ ದುಡ್ಡಿನಲ್ಲಿ ಹೊಗೆಯಿಂದ ಗಾಳಿ-ಇಂಧನದ ಅನುಪಾತ ತಿಳಿಸುವ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ಬಂತು, ತಂತಿ ಸರಿಪಡಿಸಿದ ಸ್ಪೀಡುಯಿನೊ ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ಕುಳಿತಿದೆ.