ಸತ್ತ ಲಿಥಿಯಂ ಬ್ಯಾಟರಿಗೆ "ಕಿಕ್ ಕೊಟ್ಟು ಎಬ್ಬಿಸ್ತೀವಿ" ಅನ್ನೋರನ್ನು ನಂಬಬೇಡಿ

ಇ-ಸ್ಕೂಟರ್ ಇರುವವರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನ ಒಬ್ಬ ಬ್ಯಾಟರಿ ರಿಪೇರಿಯವನು ನನಗೆ ಮಾಡಿದ ಮೋಸ ಇದು. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಮನೆಗೆ ಬೆಂಕಿ ಬೀಳೋ ಹಾಗೆ ಮಾಡಿ ನಗುನಗುತ್ತಾ ಕಳಿಸಿದನಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ.

ಅಪ್ಪನ ಆಪರೇಷನ್ ಅಂತ ಊರಲ್ಲೇ ಉಳಿದಿದ್ದೆ. ಸ್ಕೂಟರ್ ಬೇಸ್‌ಮೆಂಟಿನಲ್ಲಿ ನಿಂತೇ ಇತ್ತು. ಬಂದು ನೋಡಿದರೆ 48 ವೋಲ್ಟಿನ ಬ್ಯಾಟರಿ ಪೂರ್ತಿ ಇಳಿದುಹೋಗಿದೆ. ಚಾರ್ಜರ್ ಹಾಕಿದರೆ ಹಸಿರು ಲೈಟ್ ಮಾತ್ರ, ಚಾರ್ಜ್ ಇಲ್ಲ.

ಅಂಗಡಿಯವನು ಮಲ್ಟಿಮೀಟರ್ ಇಟ್ಟ. 19 ವೋಲ್ಟ್. "ಡೀಪ್ ಡಿಸ್ಚಾರ್ಜ್ ಮೇಡಂ, ದಿನಾ ಬರುತ್ತೆ ನಮಗೆ. ಒಂದು ಕಿಕ್ ಕೊಟ್ರೆ ಎದ್ದೇಳುತ್ತೆ" ಅಂದ. ಒಳಗೆ ತೆಗೆದುಕೊಂಡು ಹೋಗಿ ಏನೋ ಮಾಡಿ ತಂದ, ಮೀಟರ್ 40 ದಾಟಿತ್ತು. "ನೋಡಿ, ಜೀವ ಬಂತು" ಅಂತ ಮೀಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದ. 3,500 ರೂಪಾಯಿ. ಬಿಲ್ ಕೇಳಿದರೆ ವಿಸಿಟಿಂಗ್ ಕಾರ್ಡಿನ ಹಿಂದೆ ಮೊತ್ತ ಬರೆದುಕೊಟ್ಟ, ಅಷ್ಟೇ.

ಮನೆಗೆ ತಂದು ಹಾಲ್‌ನಲ್ಲಿ ಚಾರ್ಜ್‌ಗೆ ಹಾಕಿದೆ. ಮಗ ಅಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದ. "ಅಮ್ಮಾ, ನೇಲ್ ಪಾಲಿಶ್ ವಾಸನೆ" ಅಂದ. ಹೋಗಿ ನೋಡಿದರೆ ಮುಟ್ಟೋಕಾಗದಷ್ಟು ಬಿಸಿ, ನೀಲಿ ಪ್ಲಾಸ್ಟಿಕ್ ಹೊದಿಕೆ ಒಂದು ಮೂಲೆಯಲ್ಲಿ ಮುದುಡಿ ಕಂದಾಗಿದೆ. ಸ್ವಿಚ್ ಆರಿಸಿ, ಮಗನನ್ನು ಹೊರಗೆ ಕಳಿಸಿ, ಪಕ್ಕದ ಮನೆ ಅಂಕಲ್ ಜೊತೆ ಅದನ್ನು ಟೆರೇಸಿಗೆ ಸಾಗಿಸಿದ್ದು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ.

ಮಾರನೇ ದಿನ ಎಲೆಕ್ಟ್ರಾನಿಕ್ಸ್ ಕೆಲಸ ಗೊತ್ತಿರುವ ಚಿಕ್ಕಪ್ಪನ ಮಗ ಬಂದು ಬಿಚ್ಚಿದ. ಬಿಎಂಎಸ್ (ಸೆಲ್‌ಗಳು ಮಿತಿ ಮೀರಿದರೆ ಕರೆಂಟ್ ತಡೆಯೋ ಸರ್ಕ್ಯೂಟ್) ಬೋರ್ಡಿನ ಬಿ-ಮೈನಸ್‌ಗೂ (ಸೆಲ್‌ಗಳ ಕಡೆಯ ಮೈನಸ್ ತುದಿ) ಪಿ-ಮೈನಸ್‌ಗೂ (ಹೊರಗೆ ಹೋಗೋ ಮೈನಸ್ ತುದಿ) ನೇರವಾಗಿ ಒಂದು ದಪ್ಪ ಕಪ್ಪು ವೈರ್ ಸೋಲ್ಡರ್ ಮಾಡಿ, ಮೇಲೆ ಟೇಪ್ ಸುತ್ತಿ ಮುಚ್ಚಿದ್ದಾನೆ ಆ ಅಂಗಡಿಯವನು! ಅಂದರೆ ಬಿಎಂಎಸ್ ಇದ್ದೂ ಇಲ್ಲ. ಅದು ಕರೆಂಟ್ ತಡೆದಿದ್ದೇ ನಮ್ಮನ್ನು ಕಾಪಾಡೋಕೆ, ಇವನು ಅದನ್ನೇ ದಾಟಿಸಿಬಿಟ್ಟ. ಆ ವೈರ್ ನೋಡಿದಾಗ ಆದ ಅವಮಾನ, ಸಿಟ್ಟು ಹೇಳೋಕಾಗಲ್ಲ.

ಪ್ಯಾಕಿನಲ್ಲಿ 13 ಗುಂಪು ಸೆಲ್ ಸಾಲಾಗಿವೆ, ಒಂದೊಂದೂ 4.2 ವೋಲ್ಟ್ ದಾಟಬಾರದು, ಒಟ್ಟು 54.6. 19 ವೋಲ್ಟ್ ಅಂದರೆ ಗುಂಪಿಗೆ ಸರಾಸರಿ ಒಂದೂವರೆ ವೋಲ್ಟಿನ ಹತ್ತಿರ. ಅಷ್ಟು ಇಳಿದು ಕೂತರೆ ಒಳಗಿನ ತಾಮ್ರ ಕರಗುತ್ತೆ, ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಮಾಡಬಹುದು. ಎರಡು ಗುಂಪು 3 ವೋಲ್ಟಲ್ಲೇ ನಿಂತವು ಅಂದುಕೊಳ್ಳಿ, ಚಾರ್ಜರ್ 54.6 ತುಂಬಿಸುವಷ್ಟರಲ್ಲಿ ಉಳಿದ 11 ಗುಂಪು 4.4 ದಾಟಿರುತ್ತವೆ. ತಡೆಯೋಕೆ ಯಾರಿದ್ದಾರೆ? ಅವನು ತೋರಿಸಿದ ಆ 40ರಿಂದ ಇದ್ಯಾವುದೂ ಗೊತ್ತಾಗಲ್ಲ.

ಫೋನ್ ಮಾಡಿದೆ. ಮೊದಲು "ನೀವು ಬೇರೆ ಚಾರ್ಜರ್ ಹಾಕಿರ್ತೀರ ಮೇಡಂ." ವೈರಿನ ಫೋಟೋ ಕಳಿಸಿದೆ. "ಬಿಎಂಎಸ್ ಇದ್ರೆ ಚಾರ್ಜೇ ಆಗಲ್ವಲ್ಲ, ಅದಕ್ಕೇ ಹಾಗೆ ಮಾಡೋದು, ಎಲ್ಲರೂ ಮಾಡ್ತಾರೆ." ಎಲ್ಲರೂ ಮಾಡ್ತಾರಂತೆ! ದುಡ್ಡು ವಾಪಸ್ ಕೇಳಿದರೆ "ವಾರಂಟಿ ಅಂತ ಬರೆದುಕೊಟ್ಟಿದ್ದೀನಾ?"

ಹಾಗಾಗಿ, ಪ್ರತಿ ಗುಂಪಿನ ವೋಲ್ಟೇಜ್ ಬೇರೆಬೇರೆಯಾಗಿ ಬರೆದು ಕೊಡದವನ ಕೈಗೆ ಪ್ಯಾಕ್ ಕೊಡಬೇಡಿ. 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಕೂತ ಸೆಲ್‌ನ ಆಸೆ ಬಿಡಿ. ಸ್ವಲ್ಪವೇ ಇಳಿದಿದ್ದರೂ 3 ವೋಲ್ಟ್ ಬರೋವರೆಗೆ ತೀರಾ ಕಡಿಮೆ ಕರೆಂಟಲ್ಲಿ, ಸೆಲ್ಲಿನ ಆಂಪಿಯರ್-ಅವರ್‌ನ (ಅದು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲದೆ, ಬಿಸಿ ನೋಡುತ್ತಾ ಏರಿಸಬೇಕು. ಅದು ಮನೆ ಹಾಲ್‌ನಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಸ್ಕೂಟರ್ ನಿಲ್ಲಿಸಿ ಹೋಗುವಾಗ ಅರ್ಧ ಚಾರ್ಜ್ ಇಟ್ಟು, ಆಗಾಗ ಯಾರಿಂದಾದರೂ ನೋಡಿಸಿ.

ನಿನ್ನೆ ಅವನದೇ ಮೆಸೇಜ್ ಬಂತು: "ಹಳೇ ಪ್ಯಾಕ್ ಕೊಡಿ ಮೇಡಂ, 1,500 ಕೊಡ್ತೀನಿ." ಯಾಕೆ ಅಂತ ಕೇಳಿದರೆ "ಅರ್ಧ ಸೆಲ್ ಚೆನ್ನಾಗಿರುತ್ತೆ, ಬೇರೆ ಗಾಡಿಗೆ ಆಗುತ್ತೆ" ಅಂತಾನೆ. ನಾನು ಕೊಡಲ್ಲ, ಇ-ವೇಸ್ಟ್‌ನವರಿಗೇ ಹಾಕ್ತೀನಿ. ಆದರೆ ಕೊಟ್ಟವರು ಇರ್ತಾರಲ್ವಾ? ಬೆಂಗಳೂರಲ್ಲಿ ಯಾರಾದರೂ ಈಚೆಗೆ ಕಡಿಮೆ ಬೆಲೆಗೆ "ರೀಕಂಡಿಷನ್" ಪ್ಯಾಕ್ ತಗೊಂಡಿದ್ದರೆ, ಇವತ್ತೇ ಗೊತ್ತಿರುವವರ ಹತ್ತಿರ ಬಿಚ್ಚಿಸಿ, ಆ ಕಪ್ಪು ವೈರ್ ಇದೆಯಾ ನೋಡಿಸಿ.